ಪಾಸಿನಲ್ಲಿ ನೋಡಿದ ರೇಸು

2013ರ ಅಕ್ಟೋಬರ್ 27, ಭಾನುವಾರ. ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನ ಒಂದು ಸ್ಟ್ಯಾಂಡಿನಲ್ಲಿ ಕೂತಿದ್ದೆ. ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಗಿತ್ತು. ಪ್ರಾಜೆಕ್ಟ್ ಅಂತ ಬೆಂಗಳೂರಿನಿಂದ ಎತ್ತಿ ನೋಯ್ಡಾಕ್ಕೆ ಹಾಕಿದ್ದರು. ಕ್ಲೈಂಟ್ ಕಡೆಯವರು ನಮ್ಮ ಟೀಮಿಗೆ ನಾಲ್ಕು ಪಾಸ್ ಕಳಿಸಿದ್ದರು. ಮ್ಯಾನೇಜರ್ ಮನೆಯಲ್ಲಿ ಏನೋ ಫಂಕ್ಷನ್ ಇದ್ದಿದ್ದರಿಂದ ಅವರ ಪಾಲಿನ ಪಾಸು ನನಗೆ ಬಂತು. ಫಾರ್ಮುಲಾ ಒನ್ ಬಗ್ಗೆ ನನಗೆ ಆಗ ಗೊತ್ತಿದ್ದದ್ದು ಎರಡೇ ಹೆಸರು, ಶೂಮಾಕರ್ ಮತ್ತು ನಮ್ಮ ಬೆಂಗಳೂರಿನ ಮಲ್ಯ.

ಪಕ್ಕದ ಸೀಟಿನಲ್ಲಿ ಪುಣೆಯಿಂದ ಬಂದಿದ್ದ ಒಬ್ಬರು ಕೂತಿದ್ದರು. ಯಾವುದೋ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಅಂತೆ, ನಲವತ್ತರ ಆಸುಪಾಸಿನ ಮನುಷ್ಯ. ಸ್ಲೀಪರ್ ಕೋಚಿನಲ್ಲಿ ಬಂದು, ದೆಹಲಿಯಲ್ಲಿ ನೆಂಟರ ಮನೆಯಲ್ಲಿ ಮಲಗಿ, ಮೂರು ದಿನವೂ ಟ್ರ್ಯಾಕಿಗೆ ಬಂದಿದ್ದರು. ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್. ಪ್ರತಿ ಲ್ಯಾಪ್‌ಗೂ ಏನೋ ಗೀಚಿಕೊಳ್ಳುತ್ತಿದ್ದರು. ಯಾವ ಕಾರು ಯಾವ ಟೈರಿನಲ್ಲಿದೆ, ಯಾರು ಯಾವಾಗ ಪಿಟ್‌ಗೆ ಹೋಗುತ್ತಾರೆ, ಎಲ್ಲ ನನಗೆ ಹೇಳಿಕೊಟ್ಟರು. ಮುಂದಿನ ವರ್ಷದಿಂದ ಈ ವಿ8 ಎಂಜಿನ್ ಇರಲ್ಲ, ಈ ಸದ್ದನ್ನ ಸರಿಯಾಗಿ ಕೇಳಿಸಿಕೊಂಡುಬಿಡು ಅಂದರು. ನಾನು ಇವತ್ತು ರೇಸ್ ನೋಡುವ ಹುಚ್ಚು ಹತ್ತಿಸಿಕೊಂಡಿದ್ದೇನಲ್ಲ, ಅದರ ಮೇಷ್ಟ್ರು ಅವರೇ. ಹೆಸರು ಮಾತ್ರ ಕೇಳಲಿಲ್ಲ.

ರೇಸ್ ಮುಗಿಯುವ ಹೊತ್ತಿಗೆ ಅವರು ಕೇಳಿದರು, "ನೀವು ಟಿಕೆಟ್‌ಗೆ ಎಷ್ಟು ಕೊಟ್ರಿ?"

"ನೀವು ಕೊಟ್ಟಷ್ಟೇ" ಅಂದೆ.

ಯಾಕೆ ಹಾಗಂದೆ? ಪಾಸ್‌ನಲ್ಲಿ ಬಂದೆ ಅಂದಿದ್ದರೆ ಅವರೇನೂ ಬೈತಿರಲಿಲ್ಲ. ಆದರೆ ಆ ನೋಟ್‌ಬುಕ್ ನೋಡಿದ ಮೇಲೆ ನಿಜ ಹೇಳೋಕೆ ನಾಲಿಗೆ ಬರಲಿಲ್ಲ. ಅಷ್ಟರಲ್ಲಿ ಸೆಬಾಸ್ಟಿಯನ್ ವೆಟಲ್ ಸತತ ನಾಲ್ಕನೇ ಚಾಂಪಿಯನ್‌ಶಿಪ್ ಗೆದ್ದು, ಮೇನ್ ಸ್ಟ್ರೇಟ್‌ನಲ್ಲಿ ಕಾರನ್ನು ಗಿರಗಿರ ತಿರುಗಿಸಿ ಹೊಗೆ ಎಬ್ಬಿಸಿ, ಇಳಿದು ಕಾರಿನ ಮುಂದೆ ಮಂಡಿಯೂರಿ ಕೈಮುಗಿದ. ಗೆದ್ದವನು ಕಾರನ್ನು ನೇರವಾಗಿ ಪಾರ್ಕಿಂಗ್ ಜಾಗಕ್ಕೆ ತರಬೇಕು ಅನ್ನೋದು ಆಗಿನ ನಿಯಮ. ಅದನ್ನು ಮುರಿದನೆಂದು ಅವನ ತಂಡಕ್ಕೆ 25,000 ಯೂರೋ ದಂಡ ಬಿತ್ತು. ಆ ಮೂರು ದಿನದಲ್ಲಿ ಸ್ಟ್ಯಾಂಡಿನಲ್ಲಿ ಕೂತವರಿಗೋಸ್ಕರ ಅಂತಲೇ ಯಾರಾದರೂ ಏನಾದರೂ ಮಾಡಿದ್ದರೆ ಅದೊಂದೇ. ಅದಕ್ಕೂ ದಂಡ!

ಅದೇ ಅಲ್ಲಿ ನಡೆದ ಕೊನೆಯ ಫಾರ್ಮುಲಾ ಒನ್ ಗ್ರ್ಯಾಂಡ್ ಪ್ರಿ. 2011ರಲ್ಲಿ ಭಾನುವಾರದ ರೇಸಿಗೆ ಸುಮಾರು 95,000 ಜನ ಬಂದಿದ್ದರು, ಮೂರನೇ ವರ್ಷಕ್ಕೆ ಅದು 60,000ದ ಆಸುಪಾಸಿಗೆ ಇಳಿದಿತ್ತು ಅಂತ ಪತ್ರಿಕೆಗಳು ಬರೆದವು. ಆ 60,000ದಲ್ಲಿ ನಾನೂ ಒಬ್ಬ. ನನ್ನನ್ನು ಲೆಕ್ಕಕ್ಕೆ ಸೇರಿಸಿದ್ದು ಸರಿಯಾ ಅನ್ನೋದೇ ಈ ಬರಹದ ಪ್ರಶ್ನೆ. ಚಿಕ್ಕ ಪ್ರಶ್ನೆ ಅನ್ನಿಸಬಹುದು, ಸ್ವಲ್ಪ ತಡೀರಿ.

ಮೊದಲು ಈ ವ್ಯಾಪಾರ ಹೇಗೆ ನಡೆಯುತ್ತೆ ನೋಡೋಣ. ರೇಸ್ ನಡೆಸುವ ಊರಿನವರು, ಅಂದರೆ ಪ್ರಮೋಟರ್, ಫಾರ್ಮುಲಾ ಒನ್ ಹಕ್ಕು ಇಟ್ಟುಕೊಂಡ ಕಂಪನಿಗೆ (2017ರಿಂದ ಅಮೆರಿಕದ ಲಿಬರ್ಟಿ ಮೀಡಿಯಾ) ವರ್ಷಕ್ಕಿಷ್ಟು ಅಂತ ಶುಲ್ಕ ಕಟ್ಟಬೇಕು. ಟಿವಿ ದುಡ್ಡು ಆ ಕಂಪನಿಗೆ. ಟ್ರ್ಯಾಕ್ ಪಕ್ಕದ ದೊಡ್ಡ ಜಾಹೀರಾತು, ಶ್ರೀಮಂತರು ಕೂತು ಊಟ ಮಾಡುವ ಕ್ಲಬ್ಬಿನ ದುಡ್ಡು, ಅವೂ ಹೆಚ್ಚುಕಮ್ಮಿ ಅವರಿಗೇ. ಪ್ರಮೋಟರ್‌ಗೆ ಉಳಿಯೋದು ಮುಖ್ಯವಾಗಿ ಟಿಕೆಟ್ ದುಡ್ಡು. ಮೇಲಿಂದ ಆ ಶುಲ್ಕ ವರ್ಷವರ್ಷ ಏರುತ್ತೆ.

ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ತಗೊಳ್ಳಿ. 1950ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ರೇಸ್ ನಡೆದ ಜಾಗ, ಇಡೀ ಕ್ಯಾಲೆಂಡರಿನಲ್ಲೇ ಅತಿ ಹೆಚ್ಚು ಜನ ಸೇರುವ ರೇಸುಗಳಲ್ಲಿ ಒಂದು. 2010ರಲ್ಲಿ ಅವರು ಕಟ್ಟುತ್ತಿದ್ದ ಶುಲ್ಕ 1.15 ಕೋಟಿ ಪೌಂಡ್. ಕರಾರಿನ ಪ್ರಕಾರ ಪ್ರತಿ ವರ್ಷ ಶೇ. 5 ಏರಿಕೆ. 2017ಕ್ಕೆ 1.62 ಕೋಟಿ ಆಯಿತು, 2026ಕ್ಕೆ 2.5 ಕೋಟಿ ಆಗುವುದಿತ್ತು. ಕ್ಯಾಲ್ಕುಲೇಟರ್ ಹಿಡಿದು ನೋಡಿದೆ, ಚಕ್ರಬಡ್ಡಿ ಲೆಕ್ಕ ಚಾಚೂ ತಪ್ಪದೆ ಬರುತ್ತೆ. ನಮ್ಮೂರಿನ ಬಡ್ಡಿ ವ್ಯಾಪಾರದವರಿಗೆ ಇದು ತಕ್ಷಣ ಅರ್ಥ ಆಗುತ್ತಿತ್ತು. ಸ್ಟ್ಯಾಂಡು ತುಂಬಿದ್ದರೂ 2015ರಲ್ಲಿ 28 ಲಕ್ಷ ಪೌಂಡ್ ನಷ್ಟ, 2016ರಲ್ಲಿ 48 ಲಕ್ಷ. 2017ರ ಜುಲೈನಲ್ಲಿ, ಕರಾರಿನಲ್ಲಿ ಇದ್ದ ಅವಕಾಶ ಬಳಸಿಕೊಂಡು, 2019ರ ನಂತರ ನಮ್ಮ ಕೈಲಾಗಲ್ಲ ಅಂದುಬಿಟ್ಟರು. ಆಮೇಲೆ ಮಾತುಕತೆಯಾಗಿ ಹೊಸ ಕರಾರು ಆಯಿತು ಅನ್ನೋದು ಬೇರೆ ವಿಷಯ.

ಜನ ತುಂಬಿ ತುಳುಕಿದರೂ ನಷ್ಟ ಆಗೋ ಆಟ ಇದು. ಹಾಗಾದರೆ ಇದನ್ನ ಯಾರು ನಡೆಸ್ತಾರೆ, ಯಾಕೆ ನಡೆಸ್ತಾರೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮೂರಿನ ಕುರುಕ್ಷೇತ್ರ ನಾಟಕದಲ್ಲಿ.

ಮಂಡ್ಯ, ಹಾಸನ, ತುಮಕೂರು ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳ್ತೀನಿ. ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿತಾರಲ್ಲ, ಅಲ್ಲಿ ಪಾತ್ರ ಮಾಡುವವನಿಗೆ ದುಡ್ಡು ಕೊಡಲ್ಲ, ಪಾತ್ರ ಮಾಡುವವನೇ ದುಡ್ಡು ಕೊಡಬೇಕು. ಕೃಷ್ಣ, ದುರ್ಯೋಧನನಿಗೆ ಜಾಸ್ತಿ ರೇಟು. ಸಣ್ಣಪುಟ್ಟ ಪಾತ್ರಕ್ಕೆ ಕಮ್ಮಿ. ಹಾರ್ಮೋನಿಯಂ ಮೇಷ್ಟ್ರ ಫೀಸು, ಸೀನ್ಸ್‌ನವರ ಬಾಡಿಗೆ, ದ್ರೌಪದಿ ಪಾತ್ರಕ್ಕೆ ಪೇಟೆಯಿಂದ ಬರುವ ಕಲಾವಿದೆಯ ಸಂಭಾವನೆ, ಎಲ್ಲ ಇದರಲ್ಲೇ. ನೋಡುವವರಿಗೆ ಪುಕ್ಕಟೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಚಿಕ್ಕಪ್ಪ ಎರಡು ಕುರಿ ಮಾರಿ, ಸಾಲದ್ದಕ್ಕೆ ಕೈಸಾಲ ಮಾಡಿ ದುರ್ಯೋಧನನಾದ. ಚಿಕ್ಕಮ್ಮ ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದಳು.

ರಾತ್ರಿ ಒಂಬತ್ತಕ್ಕೆ ಶುರುವಾದ ನಾಟಕ ಬೆಳಗಿನ ಜಾವ ಐದೂವರೆ ಆದರೂ ಮುಗಿದಿರಲಿಲ್ಲ. ಎದುರಿಗೆ ಎಚ್ಚರ ಇದ್ದವರು ಹತ್ತು ಜನ ಇರಬಹುದು, ಉಳಿದವರು ಕಂಬಳಿ ಹೊದ್ದು ಗೊರಕೆ. ಇನ್ನೇನು ಭೀಮನ ಗದೆಯೇಟಿಗೆ ಬೀಳಬೇಕು, ಚಿಕ್ಕಪ್ಪ ಸ್ಟೇಜಿನ ಅಂಚಿಗೆ ಬಂದು ಗದೆಯಿಂದ ಹಲಗೆಗೆ ಕುಟ್ಟಿ ಕೂಗಿದ: "ಲೋ ನಿಂಗಾ, ಎದ್ದೇಳ್ರೋ ಎಲ್ಲಾ, ನಾನ್ ಸಾಯ್ತಾ ಇವ್ನಿ!" ಎಲ್ಲರೂ ದಡಬಡಿಸಿ ಎದ್ದು ಕೂತರು. ಆಮೇಲೆ ಸತ್ತ.

ರೇಸ್ ನಡೆಸುವ ಎಷ್ಟೋ ದೇಶಗಳು ನಮ್ಮ ಚಿಕ್ಕಪ್ಪನ ಹಾಗೆ ಪಾತ್ರ ಕೊಂಡುಕೊಂಡಿವೆ. ಬಹರೇನ್ 2004ರಲ್ಲಿ, ಅಬುಧಾಬಿ 2009ರಲ್ಲಿ, ಸೌದಿ ಮತ್ತು ಕತಾರ್ 2021ರಲ್ಲಿ ಬಂದವು. ಅವುಗಳಿಗೆ ಟಿಕೆಟ್ ದುಡ್ಡಿನಿಂದ ಶುಲ್ಕ ಹುಟ್ಟಿಸುವ ಚಿಂತೆ ಇಲ್ಲ. ಪ್ರಪಂಚದ ಟಿವಿಯಲ್ಲಿ ಎರಡು ಗಂಟೆ ತಮ್ಮ ಊರು ಕಾಣಬೇಕು, ಅಷ್ಟೆ. ಟಿವಿ ಇದ್ದರೆ ಸೀಸನ್ನನ್ನೇ ದಾಟಿಸಬಹುದು ಅನ್ನೋದನ್ನ ಕೋವಿಡ್ ಕಾಲ ತೋರಿಸಿತು. 2020ರಲ್ಲಿ ಹೆಚ್ಚಿನ ಕಡೆ ಖಾಲಿ ಸ್ಟ್ಯಾಂಡಿನ ಮುಂದೆ 17 ರೇಸ್ ಓಡಿಸಿದರು. ಹಿಂದಿನ ವರ್ಷ 202 ಕೋಟಿ ಡಾಲರ್ ಇದ್ದ ಆದಾಯ 114 ಕೋಟಿಗೆ ಬಿತ್ತು ನಿಜ. ಆದರೆ ಆಟ ನಿಲ್ಲಲಿಲ್ಲ.

ಒಂದೇ ವ್ಯತ್ಯಾಸ. ಚಿಕ್ಕಪ್ಪ ಮಾರಿದ್ದು ತನ್ನ ಕುರಿ.

ಸರ್ಕಾರ ಪಾತ್ರ ಕೊಂಡಾಗ ಮಾರಾಟ ಆಗುವುದು ಯಾರ ಕುರಿ? ದಕ್ಷಿಣ ಕೊರಿಯಾದಲ್ಲಿ ಸೋಲ್ ನಗರದಿಂದ ನೂರಾರು ಕಿಲೋಮೀಟರ್ ದೂರದ ಯೋಂಗಾಮ್‌ನಲ್ಲಿ, ಪ್ರಾಂತೀಯ ಸರ್ಕಾರದ ಹುಮ್ಮಸ್ಸಿನಿಂದ, 2010ರಲ್ಲಿ ಟ್ರ್ಯಾಕ್ ಮಾಡಿದರು. ಸುತ್ತ ಒಂದು ಹೊಸ ನಗರವೇ ಎದ್ದೇಳುತ್ತೆ ಅಂತ ಲೆಕ್ಕ. ನಗರ ಏಳಲಿಲ್ಲ. ನಾಲ್ಕು ರೇಸಿಗೆ ಕಥೆ ಮುಗಿಯಿತು, ನಷ್ಟ ಸಾರ್ವಜನಿಕರ ಖಾತೆಗೆ ಹೋಯಿತು. ಬುದ್ಧ ಸರ್ಕ್ಯೂಟ್ ಖಾಸಗಿಯವರು ಕಟ್ಟಿದ್ದು. ಆದರೆ ಅದು ಎದ್ದಿರುವ ಜಮೀನು ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರದ ಮೂಲಕ ಬಂದದ್ದು, ಆ ಭಾಗದ ರೈತರು ಪರಿಹಾರ ಸಾಲದು ಅಂತ ಮೊದಲ ರೇಸಿಗೆ ಮುಂಚೆ ಪ್ರತಿಭಟನೆ ಮಾಡಿದ್ದರು. ಮನರಂಜನಾ ತೆರಿಗೆ ವಿನಾಯಿತಿ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಟಿಕೆಟ್ ದುಡ್ಡಿನ ಕಾಲುಭಾಗ ಬೇರೆ ಖಾತೆಯಲ್ಲಿಡಿ ಅಂತ ಕೋರ್ಟ್ 2011ರಲ್ಲಿ ಹೇಳಿತು. ಇದು ಕ್ರೀಡೆಯೋ ಮನರಂಜನೆಯೋ ಅನ್ನೋದೇ ಜಗಳ.

ಅವತ್ತು ರೇಸ್ ಮುಗಿದ ಮೇಲೆ ನಮ್ಮನ್ನು ರೂಮಿಗೆ ಬಿಟ್ಟ ಕ್ಯಾಬ್ ಡ್ರೈವರ್ ಪಕ್ಕದ ಹಳ್ಳಿಯವನೇ. ನಮ್ಮದೂ ಸ್ವಲ್ಪ ಹೊಲ ಹೋಯ್ತು ಸಾಬ್, ಬಂದ ದುಡ್ಡಲ್ಲೇ ಈ ಗಾಡಿ ತಗೊಂಡೆ ಅಂದ. ಬೇಜಾರಿನಲ್ಲಿ ಹೇಳಿದ್ದಲ್ಲ. ರೇಸ್ ನೋಡಿದೀಯಾ ಅಂತ ಕೇಳಿದೆ. "ಸದ್ದು ಮನೆಗೇ ಕೇಳುತ್ತೆ. ಮೂರು ದಿನ ಎಮ್ಮೆ ಹಾಲು ಕೊಡಲ್ಲ" ಅಂದ. ನಾವೆಲ್ಲ ನಕ್ಕೆವು. ಅವನೂ ನಕ್ಕ. ನಮ್ಮಪ್ಪನಿಗೆ ಇರೋದು ಎರಡೂಕಾಲು ಎಕರೆ. ಹೈವೇ ಬರುತ್ತೆ ಅಂತ ಯಾರೋ ಗಾಳಿಮಾತು ಹಬ್ಬಿಸಿದಾಗ ಅಪ್ಪ ಎರಡು ರಾತ್ರಿ ಮಲಗಿರಲಿಲ್ಲ. ಅದು ನನಗೆ ನೆನಪಾದದ್ದು ನಕ್ಕು ಮುಗಿದ ಮೇಲೆ.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು, ನಾನೇ ಎತ್ತಿಕೊಂಡಿದ್ದೇನೆ. ಸಾಹಿತ್ಯ ಸಮ್ಮೇಳನಕ್ಕೆ ಸರ್ಕಾರ ಕೋಟಿಗಟ್ಟಲೆ ಕೊಡುತ್ತೆ, ಓದದವರ ತೆರಿಗೆಯೂ ಅದರಲ್ಲಿದೆ. ದಸರಾಕ್ಕೆ ಕೊಡುತ್ತೆ, ಮೈಸೂರು ನೋಡದವರ ದುಡ್ಡೂ ಅದರಲ್ಲಿದೆ. ಆಗೆಲ್ಲ ಸುಮ್ಮನಿದ್ದು ರೇಸಿಗೆ ಮಾತ್ರ ಯಾಕೆ ಕೊಂಕು? ಸರಿಯಾದ ಪ್ರಶ್ನೆ. ಎಲ್ಲರೂ ಬಳಸದ ಯಾವುದಕ್ಕೂ ಸಾರ್ವಜನಿಕ ದುಡ್ಡು ಕೊಡಬಾರದು ಅಂದರೆ ಹಳ್ಳಿ ಲೈಬ್ರರಿಯಿಂದ ಹಿಡಿದು ಎಲ್ಲ ಮುಚ್ಚಬೇಕಾಗುತ್ತೆ. ನಾನು ಓದಿದ್ದೇ ಅಂಥ ಲೈಬ್ರರಿಯಲ್ಲಿ.

ಆದ್ದರಿಂದ ಕೊಡಬೇಕಾ ಬೇಡವಾ ಅನ್ನೋದಕ್ಕಿಂತ, ಕೊಟ್ಟದ್ದನ್ನು ಯಾರ ಮುಂದೆ ಲೆಕ್ಕ ಹೇಳುತ್ತೀರಿ ಅನ್ನೋದು ನನಗೆ ಮುಖ್ಯ ಅನ್ನಿಸುತ್ತೆ. ಸಿಂಗಾಪುರದ ರಾತ್ರಿ ರೇಸಿಗೆ ಖರ್ಚಿನ ಶೇ. 60 ಸರ್ಕಾರವೇ ಹಾಕುತ್ತೆ. ಅದನ್ನು ಮುಚ್ಚಿಟ್ಟಿಲ್ಲ. ರೇಸಿನ ದಿನಗಳಲ್ಲಿ ರೂಮಿನ ಬಾಡಿಗೆ ಏರಿಸಿ ಲಾಭ ಮಾಡಿಕೊಳ್ಳುವ ಹೋಟೆಲುಗಳ ಮೇಲೆ ವಿಶೇಷ ಸೆಸ್ ಇದೆ, ಟ್ರ್ಯಾಕಿನ ಪಕ್ಕದವಕ್ಕೆ ಹೆಚ್ಚು, ದೂರದವಕ್ಕೆ ಕಮ್ಮಿ. ಯಾರಿಗೆ ಲಾಭವೋ ಅವರಿಂದ ಒಂದಷ್ಟು ವಸೂಲಿ. ಪಕ್ಕದ ಮಲೇಷ್ಯಾದ್ದು ಇನ್ನೊಂದು ದಾರಿ. 1999ರಿಂದ ಸೆಪಾಂಗ್‌ನಲ್ಲಿ ರೇಸ್ ನಡೆಯುತ್ತಿತ್ತು. ಟಿಕೆಟ್ ಮಾರಾಟ ಬೀಳುತ್ತಿದೆ, ಶುಲ್ಕ ಏರುತ್ತಿದೆ, ಇನ್ನು ಈ ದುಡ್ಡು ಸಾರ್ಥಕ ಅಲ್ಲ ಅಂತ ಸರ್ಕಾರ ಬಹಿರಂಗವಾಗಿ ಹೇಳಿ 2017ಕ್ಕೆ ನಿಲ್ಲಿಸಿತು. ಅದೇ ಟ್ರ್ಯಾಕಿನಲ್ಲಿ ಮೋಟೋಜಿಪಿ ಬೈಕ್ ರೇಸನ್ನು ಉಳಿಸಿಕೊಂಡರು. ಅದಕ್ಕೆ ಅಲ್ಲಿನ ಜನ ಬರುತ್ತಾರೆ, ಖರ್ಚೂ ಕಮ್ಮಿ.

ಖಾಲಿ ಸೀಟು ಅಲ್ಲಿ ಸರ್ಕಾರಕ್ಕೆ ನಿಜ ಹೇಳಿತು, ಸರ್ಕಾರ ಕೇಳಿಸಿಕೊಂಡಿತು. ಈ ಇಡೀ ವ್ಯವಹಾರದಲ್ಲಿ ಶುಲ್ಕ ಎಷ್ಟು, ಕರಾರಿನಲ್ಲಿ ಏನಿದೆ, ಎಲ್ಲ ಬಹುಮಟ್ಟಿಗೆ ಗುಟ್ಟು. ಹೊರಗಿನವರ ಕಣ್ಣಿಗೆ ಕಾಣೋ ಲೆಕ್ಕ ಒಂದೇ, ಸ್ಟ್ಯಾಂಡಿನಲ್ಲಿ ಎಷ್ಟು ಜನ ಕೂತಿದ್ದಾರೆ ಅನ್ನೋದು. ಈ ಊರಿನವರಿಗೆ ಇದು ಬೇಕಾಗಿತ್ತಾ ಅನ್ನೋದಕ್ಕೆ ಇರುವ ಸಾಕ್ಷಿ ಅದೊಂದೇ. ಪುಕ್ಕಟೆ ಪಾಸಿನಲ್ಲಿ ಹೋಗಿ ಕೂತ ನಾನು ಆ ಸಾಕ್ಷಿಯನ್ನು ತಿರುಚಿದೆ. ಪುಣೆಯವರ ಪಕ್ಕದಲ್ಲಿ ಒಂದು ಖಾಲಿ ಸೀಟು ಇದ್ದಿದ್ದರೆ ಅದು ನನಗಿಂತ ಪ್ರಾಮಾಣಿಕವಾಗಿ ಇರುತ್ತಿತ್ತು. ಇದನ್ನ ಓದಿ ಫ್ರೆಂಡ್ ಒಬ್ಬ, "ಒಂದು ಪಾಸ್‌ಗೆ ಇಷ್ಟು ದೊಡ್ಡ ಪಾಪಪ್ರಜ್ಞೆನಾ ಮಗಾ, ನಾಳೆ ಆಫೀಸ್ ಕಾಫಿಗೂ ಶುರು ಮಾಡ್ತೀಯಾ" ಅಂದ. ಅವನು ಹೇಳೋದೂ ಸರಿ. ಕಾಫಿ ಕುಡಿದು ನಾನು ಯಾರಿಗೂ ಸುಳ್ಳು ಹೇಳಿಲ್ಲ ಅಂದೆ.

ಹೈದರಾಬಾದ್ ನಮಗೆ ಇನ್ನೂ ಹತ್ತಿರ. 2023ರ ಫೆಬ್ರವರಿ 11ರಂದು ಹುಸೇನ್ ಸಾಗರದ ದಡದಲ್ಲಿ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ರೇಸ್ ಆಯಿತು. ನಮ್ಮ ಆಫೀಸಿನಿಂದ ಐದಾರು ಜನ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದರು, ಟಿಕೆಟ್ ತೆಗೆದುಕೊಂಡೇ. ವರ್ಷದ ಕೊನೆಗೆ ಸರ್ಕಾರ ಬದಲಾಯಿತು, 2024ರ ರೇಸ್ ರದ್ದಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ, ಸರಿಯಾದ ಮಂಜೂರಾತಿ ಇಲ್ಲದೆ ಸುಮಾರು 55 ಕೋಟಿ ರೂಪಾಯಿ ರೇಸ್ ಕಂಪನಿಗೆ ಪಾವತಿಯಾಗಿದೆ ಅಂತ ಭ್ರಷ್ಟಾಚಾರ ನಿಗ್ರಹ ದಳ ಪ್ರಕರಣ ದಾಖಲಿಸಿತು. ಆರೋಪ ಎದುರಿಸುತ್ತಿರುವವರು ಅದನ್ನು ಅಲ್ಲಗಳೆದಿದ್ದಾರೆ, ತೀರ್ಪು ಕೊಡೋಕೆ ನಾನ್ಯಾರು. ಆದರೆ ನಗರದ ಹೆಸರು ಮೇಲೆ ಬಂತು ಅನ್ನೋರು ಮತ್ತು ದುಡ್ಡು ಪೋಲಾಯಿತು ಅನ್ನೋರು ಇಬ್ಬರೂ ಬರೀ ರಾಜಕೀಯದ ಲೆಕ್ಕ ಹೇಳ್ತಾರೆ. ಎಷ್ಟು ಜನ ಸ್ವಂತ ದುಡ್ಡು ಕೊಟ್ಟು ಬಂದರು ಅಂತ ಒಬ್ಬರೂ ಎತ್ತಲ್ಲ.

ಹಾಗೆ ಸ್ವಂತ ದುಡ್ಡು ಕೊಟ್ಟು ಬಂದವರನ್ನಾದರೂ ಸರಿಯಾಗಿ ನೋಡಿಕೊಳ್ಳುತ್ತಾರಾ? 2021ರ ಆಗಸ್ಟ್ 29ರಂದು ಬೆಲ್ಜಿಯಂನ ಸ್ಪಾದಲ್ಲಿ ಜಡಿಮಳೆ. ಸಾವಿರಾರು ಜನ ಕೆಸರಿನ ಗುಡ್ಡದ ಮೇಲೆ ರೇನ್‌ಕೋಟು ಹಾಕಿಕೊಂಡು ಗಂಟೆಗಟ್ಟಲೆ ಕಾದರು. ಕೊನೆಗೆ ಸೇಫ್ಟಿ ಕಾರಿನ ಹಿಂದೆ ಮೆರವಣಿಗೆ ಥರ ಬೆರಳೆಣಿಕೆಯ ಸುತ್ತು ಓಡಿಸಿ, ರೇಸ್ ಆಯ್ತು ಅಂತ ಅರ್ಧ ಪಾಯಿಂಟ್ ಹಂಚಿದರು. ದುಡ್ಡಿನ ಕಾರಣಕ್ಕೆ ಹಾಗೆ ಮಾಡಿಲ್ಲ ಅಂತ ನಡೆಸುವವರು ಹೇಳಿದರು. ಜನರ ದುಡ್ಡು ವಾಪಸ್ ಕೊಡಬೇಕು ಅಂತ ಲೂಯಿಸ್ ಹ್ಯಾಮಿಲ್ಟನ್ ಬಾಯಿಬಿಟ್ಟು ಹೇಳಿದ. ವಾಪಸ್ ಬರಲಿಲ್ಲ. ಲಾಸ್ ವೇಗಸ್‌ನಲ್ಲಿ 2023ರಲ್ಲಿ, ಲಿಬರ್ಟಿಯವರೇ ಪ್ರಮೋಟರ್ ಆಗಿದ್ದ ರೇಸಿನಲ್ಲಿ, ರಸ್ತೆಯ ಮುಚ್ಚಳ ಕಿತ್ತು ಬಂದು ಮೊದಲ ಪ್ರಾಕ್ಟೀಸ್ ನಿಂತಿತು. ಎರಡನೆಯದು ನಡೆಯುವ ಮೊದಲೇ ರಾತ್ರಿ ಒಂದೂವರೆಗೆ ಜನರನ್ನು ಹೊರಗೆ ಕಳಿಸಿ, ಅವತ್ತೊಂದೇ ದಿನದ ಟಿಕೆಟ್ ತಗೊಂಡವರಿಗೆ ಟೀ ಶರ್ಟು, ಟೋಪಿ ಕೊಳ್ಳೋಕೆ 200 ಡಾಲರಿನ ಕೂಪನ್ ಕೊಟ್ಟರು. ಚಿಕ್ಕಪ್ಪ ಪುಕ್ಕಟೆ ನೋಡುತ್ತಿದ್ದವರನ್ನೂ ಎಬ್ಬಿಸಿ ಕೂರಿಸಿ ಆಮೇಲೆ ಸತ್ತವನು. ಇವರು ದುಡ್ಡು ಕೊಟ್ಟವರನ್ನೇ ಎಬ್ಬಿಸಿ ಮನೆಗೆ ಕಳಿಸಿದರು.

ಈಗ ಜಾಂಡ್‌ವೊರ್ಟ್. ಹಾಲೆಂಡಿನ ಕಡಲ ದಂಡೆಯ ಮರಳುದಿಬ್ಬಗಳ ನಡುವಿನ ಹಳೇ ಟ್ರ್ಯಾಕು. 1985ರ ನಂತರ ನಿಂತುಹೋಗಿದ್ದ ರೇಸು ಮ್ಯಾಕ್ಸ್ ವೆರ್‌ಸ್ಟಾಪೆನ್‌ನ ಹವಾದಲ್ಲಿ 2021ರಲ್ಲಿ ವಾಪಸ್ ಬಂತು. ಸರ್ಕಾರದ ದುಡ್ಡಿನ ಆಸರೆ ಇಲ್ಲ, ಖಾಸಗಿಯವರೇ ನಡೆಸೋದು. ಸ್ಟ್ಯಾಂಡು ಪೂರ್ತಿ ಕಿತ್ತಳೆ ಬಣ್ಣ, ಜನ ಟ್ರೇನಿನಲ್ಲಿ, ಸೈಕಲ್ಲಿನಲ್ಲಿ ಬರುತ್ತಾರೆ. ಅಷ್ಟು ಜನ ಬರುತ್ತಿದ್ದಾಗಲೇ, 2024ರ ಡಿಸೆಂಬರ್‌ನಲ್ಲಿ, 2026ರದ್ದೇ ಕೊನೆ ಅಂತ ಘೋಷಿಸಿದರು. ಖಾಸಗಿ ಕಂಪನಿ ನಮ್ಮದು, ಮುಂದಿನ ವರ್ಷಗಳ ರಿಸ್ಕ್ ತೂಗಿ ನೋಡಿದೆವು, ಜನ ತುಂಬಿರುವಾಗಲೇ ಮುಗಿಸುತ್ತೇವೆ ಅನ್ನೋದು ಅವರ ಮಾತಿನ ಸಾರ. ನನಗೆ ಇದು ಬಹಳ ದಿನ ತಲೆ ತಿಂದಿತು. ಸಾಕ್ಷಿ ನಿಜವಾಗಿದ್ದರೂ ಗೆಲ್ಲಲಿಲ್ಲ ಅಂದರೆ ಏನರ್ಥ? ಚಕ್ರಬಡ್ಡಿಯ ಶುಲ್ಕದ ಮುಂದೆ ಟಿಕೆಟ್ ದುಡ್ಡು ಎಷ್ಟು ದಿನ ತಡೆದೀತು? ಟಿಕೆಟ್ಟಿನಿಂದ ಬದುಕುವ ಊರುಗಳು ಒಂದೊಂದಾಗಿ ಬಿಟ್ಟುಕೊಟ್ಟರೆ, ಮುಂದೆ ಕ್ಯಾಲೆಂಡರಿನಲ್ಲಿ ಉಳಿಯೋದು ಟಿಕೆಟ್ಟಿನ ಹಂಗಿಲ್ಲದ ಊರುಗಳು ಮಾತ್ರ. ದುಡ್ಡಿಗೆ ಆಗ ಕೊರತೆ ಇರಲಿಕ್ಕಿಲ್ಲ. ನೋಟ್‌ಬುಕ್ ಹಿಡಿದುಕೊಂಡು ಸ್ಲೀಪರ್ ಕೋಚಿನಲ್ಲಿ ಬರುವವನಿಗೆ ಅಲ್ಲಿ ಏನು ಕೆಲಸ ಅನ್ನೋದು ನನಗೆ ಗೊತ್ತಾಗುತ್ತಿಲ್ಲ.

ಐಂಡ್‌ಹೋವನ್‌ನಲ್ಲಿರುವ ಬಿಇ ಕ್ಲಾಸ್‌ಮೇಟ್ ಒಬ್ಬ ಮೊನ್ನೆ ಫೋನ್ ಮಾಡಿದ್ದ. ಕೊನೇ ರೇಸು, ಬಾ ಮಗಾ, ನಮ್ಮ ಮನೇಲೇ ಇರು, ಟಿಕೆಟ್ ನಮ್ಮ ಆಫೀಸ್ ಕಡೆಯಿಂದ ಅಡ್ಜಸ್ಟ್ ಮಾಡಿಸ್ತೀನಿ ಅಂದ. ಮನೇಲಿ ಇರ್ತೀನಿ, ಟಿಕೆಟ್ ನಾನೇ ತಗೋತೀನಿ ಅಂದೆ. ಯಾಕೋ ಇಷ್ಟು ಸ್ವಾಭಿಮಾನ ಅಂತ ನಕ್ಕ. ಪುಣೆಯವರ ಕಥೆ ಫೋನಿನಲ್ಲಿ ಹೇಳೋ ಅಂಥದ್ದಲ್ಲ, ಬಂದಾಗ ಹೇಳ್ತೀನಿ ಅಂದೆ. ವೀಸಾ ಅಪಾಯಿಂಟ್‌ಮೆಂಟ್ ಇನ್ನೂ ಸಿಕ್ಕಿಲ್ಲ.